ಅಷ್ಟಾವಧಾನಿಗಳಲ್ಲದ ನಾವು

ಅಷ್ಟಾವಧಾನವನ್ನು ಒಮ್ಮೆಯಾದರೂ ಕಂಡವರಿಗೆ ಅಪ್ರಸ್ತುತ ಪ್ರಸಂಗಿಯ ಪರಿಚಯ ಇದ್ದೇ ಇರುತ್ತದೆ. ವೇದಿಕೆಯ ನಡುವೆ ಅವಧಾನಿ, ಸುತ್ತ ಪೃಚ್ಛಕರು. ಒಬ್ಬರು ಸಮಸ್ಯೆಯ ಸಾಲೊಂದನ್ನು ಕೊಟ್ಟು ಪೂರಣ ಕೇಳುತ್ತಾರೆ. ಇನ್ನೊಬ್ಬರು ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳನ್ನು ಕೊಟ್ಟು ಇವನ್ನೆಲ್ಲ ಒಂದೇ ಪದ್ಯದಲ್ಲಿ ಕೂರಿಸಿ ಎನ್ನುತ್ತಾರೆ. ನಿಷೇಧಾಕ್ಷರಿಯವರು ಹೆಜ್ಜೆಹೆಜ್ಜೆಗೂ ಈ ಅಕ್ಷರ ಕೂಡದು, ಆ ಅಕ್ಷರ ಕೂಡದು ಎಂದು ಅಡ್ಡಗಟ್ಟುತ್ತಾರೆ. ಇವರಿಗೆಲ್ಲ ಸರದಿ ಉಂಟು. ಸರದಿಯ ಹಂಗಿಲ್ಲದವರು ಅಪ್ರಸ್ತುತ ಪ್ರಸಂಗಿ ಒಬ್ಬರೇ. ಅವಧಾನಿ ಮೂರನೆಯ ಪಾದಕ್ಕೆ ಮಾತು ಹುಡುಕುತ್ತಿರುವ ಹೊತ್ತಿಗೆ ಸರಿಯಾಗಿ, 'ಅವಧಾನಿಗಳೇ, ಇಂದು ನಿಮ್ಮ ಮನೆಯ ಸಾರಿಗೆ ಉಪ್ಪು ಹಾಕಿದವರು ಯಾರು?' ಎಂಬಂಥ ಪ್ರಶ್ನೆಯೊಂದಿಗೆ ನುಗ್ಗುವುದೇ ಅವರ ಧರ್ಮ. ಸಭೆ ನಗುತ್ತದೆ, ಅವಧಾನಿಯೂ ನಕ್ಕು ತಕ್ಕ ಉತ್ತರ ಕೊಟ್ಟು ಮತ್ತೆ ಪದ್ಯಕ್ಕೆ ಮರಳುತ್ತಾರೆ.

ಅವಧಾನವೆಂದರೆ ಗಮನವೆಂದೇ ಅರ್ಥ. ನಮ್ಮ ಹಿರಿಯರು ಗಮನವನ್ನು ಇಷ್ಟು ಕೂಲಂಕಷವಾಗಿ ಪರೀಕ್ಷೆಗೆ ಒಡ್ಡಿ ಅದನ್ನೊಂದು ಕಲೆಯಾಗಿಸಿದ್ದರು. ಶತಾವಧಾನಿ ಆರ್. ಗಣೇಶ್ ಅವರು 2012ರಲ್ಲಿ ಬೆಂಗಳೂರಿನಲ್ಲಿ ಕನ್ನಡದಲ್ಲೇ ಶತಾವಧಾನ ನಡೆಸಿದ್ದನ್ನು ಓದುಗರು ಬಲ್ಲರು. ಆದರೆ ಒಂದು ಸಂಗತಿಯನ್ನು ನಾವು ಮರೆಯುತ್ತೇವೆ. ಅವಧಾನಿಯೂ ಎಂಟು ಕೆಲಸಗಳನ್ನು ಒಂದೇ ಕ್ಷಣದಲ್ಲಿ ಮಾಡುವುದಿಲ್ಲ. ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬ ಪೃಚ್ಛಕರಿಗೂ ಪದ್ಯದ ಒಂದೊಂದು ಪಾದ, ಎರಡನೆಯ ಸುತ್ತಿನಲ್ಲಿ ಇನ್ನೊಂದೊಂದು. ಹೀಗೆ ನಾಲ್ಕು ಸುತ್ತುಗಳಾಗಿ, ಕೊನೆಗೆ ಧಾರಣೆಯಲ್ಲಿ ಎಲ್ಲವನ್ನೂ ಒಪ್ಪಿಸುತ್ತಾರೆ. ನೆನಪಿಗೆ ಗೂಟವಾಗಿ ಛಂದಸ್ಸು ನಿಂತಿರುತ್ತದೆ. ಮನುಷ್ಯನ ಗಮನ ಎಷ್ಟು ಕಿರಿದು ಎಂಬುದನ್ನು ಚೆನ್ನಾಗಿ ಬಲ್ಲವರೇ ಈ ಆಟದ ನಿಯಮಗಳನ್ನು ಕಟ್ಟಿದ್ದಾರೆ. ಅಡ್ಡಿಪಡಿಸುವವರನ್ನು ಕೂಡ ಲೆಕ್ಕ ಹಾಕಿ, ಎಂಟರಲ್ಲಿ ಒಬ್ಬರು ಸಾಕು ಎಂದು ಇಟ್ಟಿದ್ದಾರೆ.

ಈಗ ನಮ್ಮ ಜೇಬಿನಲ್ಲಿರುವ ಫೋನನ್ನು ತೆಗೆದು ನೋಡೋಣ. ಅಲ್ಲಿ ಅಪ್ರಸ್ತುತ ಪ್ರಸಂಗಿಗಳೇ ಏಳು ಮಂದಿ, ಉಳಿದ ಒಬ್ಬರು ನಮ್ಮ ಕೆಲಸ. ಈ ಲೇಖನದಲ್ಲಿ ನಾವು ವಿಮರ್ಶೆಗೆ ಎತ್ತಿಕೊಂಡಿರುವುದು ಕಾವ್ಯವನ್ನಲ್ಲ, ಕಾದಂಬರಿಯನ್ನಲ್ಲ; ಬೆಳಗಿನಿಂದ ರಾತ್ರಿಯವರೆಗೆ ಈ ಶಹರದಲ್ಲಿ ನಮ್ಮ ಕಣ್ಣಿನ ಮುಂದೆ ಬಂದು ನಿಲ್ಲುವ ಫಲಕಗಳನ್ನು, ಯಂತ್ರಗಳನ್ನು, ಪರದೆಗಳನ್ನು. ಪುಸ್ತಕಗಳಿಗಿಂತ ಹೆಚ್ಚಾಗಿ ಈಗ ನಾವು ಓದುವುದು ಇವನ್ನೇ. ಹೀಗಿರುವಾಗ ಇವಕ್ಕೂ ಒಬ್ಬ ವಿಮರ್ಶಕ ಬೇಡವೇ?

ಬಿ.ಎಸ್ಸಿ. ಓದುವಾಗ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ನಮಗೆ ಕಲಿಸಿದ ಮೊದಲ ಪಾಠ, ಅಳೆಯುವ ಮುಂಚೆ ಉಪಕರಣದ ಮಿತಿಯನ್ನು ಬರೆದುಕೊಳ್ಳಿ ಎಂಬುದು. ವರ್ನಿಯರ್ ಕ್ಯಾಲಿಪರ್ಸಿಗೆ ಅದರ ಲೀಸ್ಟ್ ಕೌಂಟ್ ಇದೆ. ಅದಕ್ಕಿಂತ ಸೂಕ್ಷ್ಮವಾದದ್ದನ್ನು ಅದರಿಂದ ಅಳೆದೆ ಎಂದು ಬರೆದರೆ ಮೇಷ್ಟ್ರು ಜರ್ನಲಿನ ಮೇಲೆ ಕೆಂಪು ಗೆರೆ ಎಳೆಯುತ್ತಿದ್ದರು. ಮನಸ್ಸೆಂಬ ಉಪಕರಣಕ್ಕೂ ಇಂಥದೊಂದು ಮಿತಿ ಉಂಟು. ಅಮೆರಿಕದ ಜಾರ್ಜ್ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞರು 1956ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ, ಆ ಕ್ಷಣಕ್ಕೆ ಮನಸ್ಸು ಹಿಡಿದುಕೊಳ್ಳಬಲ್ಲ ಬಿಡಿ ಸಂಗತಿಗಳು ಏಳು, ಅದಕ್ಕೆ ಎರಡು ಹೆಚ್ಚು ಅಥವಾ ಎರಡು ಕಡಿಮೆ ಎಂದು ಲೆಕ್ಕ ಹಾಕಿದರು. ನೆಲ್ಸನ್ ಕೋವನ್ ಎಂಬವರು 2001ರಲ್ಲಿ ಆ ಲೆಕ್ಕವನ್ನು ಇನ್ನೂ ಬಿಗಿಗೊಳಿಸಿ, ನಿಜವಾದ ಸಂಖ್ಯೆ ನಾಲ್ಕರ ಆಸುಪಾಸು ಎಂದರು. ನಾಲ್ಕು! ಹೆಂಡತಿ ಹೇಳಿದ ಸಾಮಾನುಗಳಲ್ಲಿ ಐದನೆಯದು ನಮಗೆ ಸ್ಟೇಷನ್ ರಸ್ತೆಯಲ್ಲಿ ಏಕೆ ನೆನಪಾಗುವುದಿಲ್ಲ ಎಂಬುದಕ್ಕೆ ಇಲ್ಲಿ ಶಾಸ್ತ್ರಾಧಾರ ಸಿಕ್ಕಿತು.

ಈ ನಾಲ್ಕರ ಅಳತೆಗೋಲನ್ನು ಹಿಡಿದು ಗೋರೆಗಾಂವ್ ಸ್ಟೇಷನ್ನಿಗೆ ಬನ್ನಿ. ಬೆಳಿಗ್ಗೆ ಸೇತುವೆಯ ಮೆಟ್ಟಿಲಿಳಿಯುವವರು ಯಾರೂ ನಿಂತು ಓದುವುದಿಲ್ಲ. ಒಂದು ಕೈಯಲ್ಲಿ ಚೀಲ, ಹಿಂದಿನಿಂದ ತಳ್ಳುವ ಜನ, ಕಣ್ಣು ಇಂಡಿಕೇಟರಿನ ಮೇಲೆ. ಗಾಡಿ ಎಲ್ಲಿಗೆ, ಎಷ್ಟು ಹೊತ್ತಿಗೆ, ಫಾಸ್ಟೋ ಸ್ಲೋವೋ, ಎಷ್ಟು ಡಬ್ಬಿಯದು, ಅಲ್ಲಿಗೆ ನಾಲ್ಕು. ಅಷ್ಟನ್ನು ಓಡುತ್ತ ಓಡುತ್ತ ಒಂದೇ ನೋಟದಲ್ಲಿ ನುಂಗಬಹುದು. 2018ರ ಮಾರ್ಚಿನಲ್ಲಿ ಹಾರ್ಬರ್ ಲೈನು ಅಂಧೇರಿಯಿಂದ ಗೋರೆಗಾಂವಿಗೆ ಮುಂದುವರಿದ ಮೇಲೆ ಇಲ್ಲಿಂದ ದಕ್ಷಿಣಕ್ಕೆ ಹೊರಡುವ ಗಾಡಿ ಚರ್ಚ್‌ಗೇಟಿಗೂ ಇರಬಹುದು, ಸಿಎಸ್‌ಎಂಟಿಗೂ ಇರಬಹುದು. ನೋಡಬೇಕಾದದ್ದು ಹೆಚ್ಚಿತು, ಆದರೂ ಸಾಲಿನ ಮೊದಲ ಗುರುತೇ ಅದನ್ನು ಹೇಳಿಬಿಡುವುದರಿಂದ ನಮ್ಮ ಕೆಲಸ ಕೆಡಲಿಲ್ಲ. ಫಸ್ಟ್ ಕ್ಲಾಸು ಬಂದು ನಿಲ್ಲುವ ಜಾಗದಲ್ಲಿ ಕಂಬಕ್ಕೆ ಬಳಿದ ಓರೆಪಟ್ಟೆಯನ್ನು ಓದಲೇ ಬೇಕಾಗಿಲ್ಲ, ಕಂಡರೆ ಸಾಕು. ಇದನ್ನು ಮಾಡಿದವರಿಗೆ ಮನಶ್ಶಾಸ್ತ್ರದ ಹೆಸರು ಗೊತ್ತಿತ್ತೋ ಇಲ್ಲವೋ, ಓಡುವ ಮನುಷ್ಯ ಗೊತ್ತಿದ್ದ. ಅದೇ ಫಲಕದ ಪಕ್ಕದಲ್ಲಿ ಜಾಹೀರಾತಿನ ಟಿವಿಯೊಂದನ್ನು ತೂಗುಹಾಕಿ ಕುಣಿಸುವವರಿಗೆ ಮಾತ್ರ ಆತ ಗೊತ್ತಿಲ್ಲವೆನ್ನದೆ ವಿಧಿಯಿಲ್ಲ.

ಈ ಊರಿನ ಡಬ್ಬಾವಾಲರ ಗುರುತುಗಳದು ಇನ್ನೂ ಸೊಗಸು. ಡಬ್ಬದ ಮುಚ್ಚಳದ ಮೇಲೆ ವಿಳಾಸವಿಲ್ಲ. ನಡುವೆ ದೊಡ್ಡದಾಗಿ ಒಂದು ಅಂಕಿ, ಅದು ಸೇರಬೇಕಾದ ಪ್ರದೇಶ; ಅಂಚಿನಲ್ಲಿ ಕಟ್ಟಡಕ್ಕೂ ಮಹಡಿಗೂ ಸಂಕೇತ; ಹೊರಟ ಸ್ಟೇಷನ್ನಿಗೆ ಒಂದೆರಡು ಅಕ್ಷರ. ಸ್ಟೇಷನ್ನಿನ ಹೊರಗೆ ಡಬ್ಬ ವಿಂಗಡಿಸುವವನಿಗೆ ನಡುವಿನ ಅಂಕಿಯಷ್ಟೇ ಬೇಕು, ಮಹಡಿ ಬೇಡ. ಮಹಡಿ ಹತ್ತುವವನಿಗೆ ಅದು ಯಾವ ಸ್ಟೇಷನ್ನಿನಿಂದ ಹೊರಟಿತೆಂಬುದು ಬೇಡ. ಯಾರಿಗೆ ಯಾವಾಗ ಎಷ್ಟು ಬೇಕೋ ಅಷ್ಟು. ಎಂಬಿಎ ಓದುವ ಹುಡುಗರಿಗೆ ಡಬ್ಬಾವಾಲರ ಸಮಯಪಾಲನೆಯನ್ನು ಪಾಠವಾಗಿ ಹೇಳುತ್ತಾರೆ. ಆ ಮುಚ್ಚಳವನ್ನು ಪಾಠವಾಗಿ ಇಟ್ಟರೆ ಇನ್ನೂ ಲಾಭ.

ಎಟಿಎಮ್ಮಿನ ವಿಷಯವಾಗಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇವೆ. ಭಾರತದ ಮೊದಲ ಎಟಿಎಂ 1987ರಲ್ಲಿ ಮುಂಬಯಿಗೇ ಬಂದದ್ದು. ಹಿಂದಿನ ಕೆಲವು ಯಂತ್ರಗಳು ಮೊದಲು ನೋಟು ಕೊಟ್ಟು ಆಮೇಲೆ ಕಾರ್ಡು ಹಿಂತಿರುಗಿಸುತ್ತಿದ್ದವು. ನೋಟು ಕೈಗೆ ಬಂದೊಡನೆ ಮನಸ್ಸು 'ಕೆಲಸ ಮುಗಿಯಿತು' ಎಂದು ಅಂಗಡಿ ಮುಚ್ಚುತ್ತದೆ. ಕಾರ್ಡು ಯಂತ್ರದಲ್ಲೇ ಉಳಿಯುತ್ತದೆ. 'ದಯವಿಟ್ಟು ಕಾರ್ಡು ಮರೆಯಬೇಡಿ' ಎಂದು ಬೋರ್ಡು ಬರೆದರೂ ಮರೆಯುವವರು ಮರೆತರು. ಕಾರ್ಡು ತೆಗೆದುಕೊಂಡ ಮೇಲೆಯೇ ನೋಟು ಎಂದು ಕ್ರಮ ಬದಲಿಸಿದಾಗ ಆ ತಂಟೆ ನೀಗಿತು. ಮನುಷ್ಯರು ಬದಲಾಗಲಿಲ್ಲ, ಕ್ರಮ ಬದಲಾಯಿತು. ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಮುಂದಿನ ಕಥೆಗೆ ಅದು ಬೇಕಾಗುತ್ತದೆ.

ನಮ್ಮ ಕಟ್ಟಡದಲ್ಲಿ ಉಡುಪಿ ಕಡೆಯ ಹಿರಿಯರೊಬ್ಬರಿದ್ದಾರೆ. ಮೂವತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಕೂತವರು. ಅವರು ಕೂತಿದ್ದಾಗ ನಾವು ನೋಡಿದ್ದೇವೆ: ಎದುರಿಗೆ ನಾಲ್ಕು ಗಿರಾಕಿಗಳು, ಒಳಗಿನಿಂದ ಮಾಣಿ ಕೂಗಿ ಹೇಳುವ ಲೆಕ್ಕ, ಪಕ್ಕದಲ್ಲಿ ಹಾಲಿನವನ ತಗಾದೆ, ಕಿವಿಗೆ ಫೋನು. ಚಿಲ್ಲರೆ ಮಾತ್ರ ಒಂದು ಪೈಸೆ ಆಚೀಚೆ ಆದದ್ದಿಲ್ಲ. ಮೇಜಿನ ಖಾನೆಗಳಲ್ಲಿ ಯಾವ ನಾಣ್ಯ ಎಲ್ಲಿ ಎಂಬುದನ್ನು ಕೈಯೇ ಬಲ್ಲದು. ಬಂದ ಹಣ ಒಳಗೆ, ಕೊಡುವ ಹಣ ಹೊರಗೆ, ಎರಡೂ ಕಣ್ಣಿನ ಮುಂದೆಯೇ ನಡೆಯುವ ವ್ಯವಹಾರ. ಅವರನ್ನು ಗಲ್ಲಾದ ಅವಧಾನಿ ಎಂದರೆ ಅತಿಶಯೋಕ್ತಿಯಲ್ಲ.

2022ರಲ್ಲಿ, ಹೋಟೆಲು ಮುಚ್ಚಿದ ಮೇಲೆ ಉಳಿದಿದ್ದ ಒಂದು ಗ್ರೈಂಡರನ್ನು ಮಾರಲು ಅವರು ಫೋನಿನಲ್ಲಿ ಜಾಹೀರಾತು ಹಾಕಿಸಿದರು. ಒಬ್ಬ ಹಿಂದಿಯಲ್ಲಿ ಮಾತಾಡಿ, ಚೌಕಾಸಿಯನ್ನೂ ಮಾಡದೆ, ಮುಂಗಡ ಎರಡು ಸಾವಿರ ಈಗಲೇ ಕಳಿಸುತ್ತೇನೆ, ಫೋನು ಇಡಬೇಡಿ, ಪರದೆ ನೋಡಿ ಎಂದ. ಪರದೆಯ ಮೇಲೆ ಅವನ ಹೆಸರು ಬಂತು, ಎರಡು ಸಾವಿರ ಎಂದು ಬಂತು, ಒಂದು ಬಟನ್ ಬಂತು. ಮೊಮ್ಮಗಳು ಅಜ್ಜನ ಅನುಕೂಲಕ್ಕೆಂದು ಆಪನ್ನು ಕನ್ನಡಕ್ಕೆ ಬದಲಿಸಿ ಕೊಟ್ಟಿದ್ದಳು. ಬಟನಿನ ಮೇಲೆ 'ಪಾವತಿಸಿ' ಎಂದಿತ್ತು. ಒತ್ತಿದರು, ಪಿನ್ ಹಾಕಿದರು. ಬರಲಿಲ್ಲವಲ್ಲ, ನೆಟ್‌ವರ್ಕ್ ಸರಿಯಿಲ್ಲ, ಇನ್ನೊಮ್ಮೆ ಹಾಕಿ ಎಂದ. ಹೀಗೆ ನಾಲ್ಕು ಸಲ. ಎಂಟು ಸಾವಿರ ಹೋಯಿತು.

ಅದು ಹಣ ಕಳಿಸುವ ಪರದೆಯಲ್ಲ, ಹಣ ಕೊಡಿ ಎಂಬ ಬೇಡಿಕೆ. ಯುಪಿಐಯಲ್ಲಿ ಅದಕ್ಕೆ 'ಕಲೆಕ್ಟ್ ರಿಕ್ವೆಸ್ಟ್' ಎಂದು ಹೆಸರು. ಪಿನ್ ಬೇಕಾಗುವುದು ಹಣ ಹೋಗುವಾಗ ಮಾತ್ರ, ಬರುವಾಗ ಅಲ್ಲ. ಇದು ಗೊತ್ತಿದ್ದವರಿಗೆ ಕ್ಷುಲ್ಲಕ ಸಂಗತಿ. ಮಗ, ಸೊಸೆ, ಬ್ಯಾಂಕಿನ ಹುಡುಗ ಎಲ್ಲರೂ ಅವರಿಗೆ ಹೇಳಿದ ಮಾತು ಒಂದೇ: 'ಸ್ವಲ್ಪ ಗಮನ ಇಟ್ಟು ನೋಡಬಾರದಿತ್ತೇ?' ಮೂವತ್ತು ವರ್ಷ ಗಲ್ಲಾ ನೋಡಿಕೊಂಡ ಮನುಷ್ಯನಿಗೆ ಈ ಮಾತು! ನಾವು ಹೋಗಿ ವಿಚಾರಿಸಿದಾಗ ಅವರು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. 'ಅಲ್ಲ ಮಾರಾಯ್ರೆ, ಪಾವತಿ ಅಂದ್ರೆ ರಸೀದಿ ಅಲ್ವಾ? ಹಣ ಬಂದದ್ದಕ್ಕೆ ಪಾವತಿ ಕೊಡ್ಲಿಕ್ಕೆ ಹೇಳ್ತಾ ಇದೆ ಅಂತ ನಾನು ಒತ್ತಿದ್ದು.'

ಓದುಗರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಮರಾಠಿಯಲ್ಲಿ ಪಾವತಿಯೆಂದರೆ ರಸೀದಿಯೇ. ಸೊಸೈಟಿಯ ಮೆಂಟೆನೆನ್ಸ್ ಕಟ್ಟಿದರೆ ಪಾವತಿ, ಗಣಪತಿಯ ವಂತಿಗೆ ಕೊಟ್ಟರೆ ಪಾವತಿ. ಮುಂಬಯಿಯ ಕನ್ನಡಿಗನ ಕಿವಿಯಲ್ಲಿ ಆ ಪದ ನೆಲೆಸಿರುವುದು ಆ ಅರ್ಥದಲ್ಲಿ. ನಮ್ಮ ಕನ್ನಡದಲ್ಲೇ ನೋಡಿದರೂ 'ಪಾವತಿ ಚೀಟಿ' ಎಂಬ ಬಳಕೆ ಹಳೆಯದು. ಬೆಂಗಳೂರಿನ ಯಾವುದೋ ಮೇಜಿನ ಮುಂದೆ ಕುಳಿತು ಇಂಗ್ಲಿಷಿನ ಒಂದು ಸಣ್ಣ ಪದಕ್ಕೆ 'ಪಾವತಿಸಿ' ಎಂದು ಬರೆದವರು ತಪ್ಪು ಬರೆದಿಲ್ಲ. ನಿಘಂಟು ಅವರ ಪರವಾಗಿಯೇ ಇದೆ. ಆದರೆ 'ಹಣ ಕೊಡಿ' ಎಂದು ಬರೆದಿದ್ದರೆ ಯಾವ ನಿಘಂಟೂ ಬೇಕಾಗುತ್ತಿರಲಿಲ್ಲ. ಪರದೆಯ ಮೇಲಿನ ಕನ್ನಡವನ್ನು ಕುರಿತು ನಮ್ಮ ದೂರು ಇದು: ಅದು ಪರೀಕ್ಷೆಯ ಕನ್ನಡ. 'ಪ್ರಮಾಣೀಕರಿಸಿ', 'ಮರುಹೊಂದಿಸಿ', 'ಅನುಮತಿಸಿ'. ಬಿಡುವಿನಲ್ಲಿ ಓದಿದರೆ ಎಲ್ಲವೂ ಅರ್ಥವಾಗುತ್ತದೆ. ಬಿಡುವು ಇಲ್ಲದಾಗ ಪದವನ್ನು ಬಿಡಿಸುವುದಕ್ಕೇ ಆ ನಾಲ್ಕರಲ್ಲಿ ಒಂದೆರಡು ಖರ್ಚಾಗಿ ಹೋಗುತ್ತದೆ.

ಇನ್ನು ಆ ಮೋಸಗಾರ. ಅವನು ಅಪ್ರಸ್ತುತ ಪ್ರಸಂಗವನ್ನು ಕರಗತ ಮಾಡಿಕೊಂಡವನು. 'ಫೋನು ಇಡಬೇಡಿ' ಎಂದದ್ದು ಸುಮ್ಮನೆ ಅಲ್ಲ. 1953ರಲ್ಲಿ ಕಾಲಿನ್ ಚೆರ್ರಿ ಎಂಬ ಇಂಗ್ಲೆಂಡಿನ ವಿಜ್ಞಾನಿ ಜನರ ಎರಡು ಕಿವಿಗಳಿಗೆ ಎರಡು ಬೇರೆ ಮಾತುಗಳನ್ನು ಕೇಳಿಸಿ, ಒಂದನ್ನು ಕೇಳಿದ ಹಾಗೇ ಪುನರುಚ್ಚರಿಸಲು ಹೇಳಿದರು. ಇನ್ನೊಂದು ಕಿವಿಯಲ್ಲಿ ಇಂಗ್ಲಿಷಿನ ಬದಲು ಜರ್ಮನ್ ಬಂದರೂ ಅದು ಅವರ ಗಮನಕ್ಕೆ ಬರಲಿಲ್ಲ. ಕಿವಿಗಳೇನೋ ಎರಡು, ಗಮನ ಒಂದೇ. ಹಿಂದಿಯಲ್ಲಿ ಬಿಡದೆ ಮಾತಾಡುವವನಿಗೆ ಗಮನವನ್ನು ಒಪ್ಪಿಸಿದ ಮೇಲೆ ಪರದೆಯನ್ನು ಓದಲು ಉಳಿದದ್ದೆಷ್ಟು? ಬಣ್ಣದ ಒಂದು ಬಟನ್ನಿನಷ್ಟು.

'ಎಚ್ಚರಿಕೆ ಬರೆದಿರುತ್ತಾರಲ್ಲ' ಎಂದು ಕೆಲವರು ಕೇಳಬಹುದು. ಬರೆದಿರುತ್ತಾರೆ. ಬ್ಯಾಂಕಿನವರು ಬರೆಯುತ್ತಾರೆ, ಆಪಿನವರು ಬರೆಯುತ್ತಾರೆ, ಒಟಿಪಿ ಬಂದಾಗಲೆಲ್ಲ ಅದರ ಬಾಲದಲ್ಲಿ ಯಾರಿಗೂ ಹೇಳಬೇಡಿ ಎಂದು ಇರುತ್ತದೆ. ದಿನಕ್ಕೆ ಹತ್ತು ಸಲ ಕಂಡ ಎಚ್ಚರಿಕೆ ಗೋಡೆಯ ಸುಣ್ಣವಾಗುತ್ತದೆ. 1999ರಲ್ಲಿ ಸೈಮನ್ಸ್ ಮತ್ತು ಶಾಬ್ರಿ ಎಂಬಿಬ್ಬರು ನಡೆಸಿದ ಪ್ರಯೋಗ ಪ್ರಸಿದ್ಧವಾದುದು: ಚೆಂಡು ಎಷ್ಟು ಸಲ ಕೈಬದಲಾಯಿತೆಂದು ಎಣಿಸುತ್ತ ಚಿತ್ರ ನೋಡುತ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ, ನಡುವೆ ಗೊರಿಲ್ಲಾ ವೇಷದವರು ಬಂದು ಎದೆ ಬಡಿದುಕೊಂಡು ಹೋದದ್ದು ಕಾಣಲೇ ಇಲ್ಲ. ಗೊರಿಲ್ಲಾ ಕಾಣದವರಿಗೆ ಆರು ಪಾಯಿಂಟಿನ ಅಕ್ಷರದ ಎಚ್ಚರಿಕೆ ಕಾಣಬೇಕೆಂದು ನಿರೀಕ್ಷಿಸುವವರ ಧೈರ್ಯ ದೊಡ್ಡದು.

ಕೊನೆಗೆ ಈ ವಿಷಯದಲ್ಲಿ ನಡೆದದ್ದೇನು? ಯುಪಿಐ ನಡೆಸುವ ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ನಿನವರು ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸುವ ಇಂಥ ಬೇಡಿಕೆಗಳನ್ನೇ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದರು. ಇನ್ನೊಂದು ಎಚ್ಚರಿಕೆಯನ್ನು ಸೇರಿಸಲಿಲ್ಲ, ಬಾಗಿಲನ್ನೇ ತೆಗೆದುಹಾಕಿದರು. ಎಟಿಎಮ್ಮಿನ ಕಾರ್ಡಿನ ಹಾಗೆಯೇ. ಇದಕ್ಕಾಗಿ ನಾವು ಅವರನ್ನು ಮನಃಪೂರ್ವಕವಾಗಿ ಮೆಚ್ಚುತ್ತೇವೆ. ಆದರೆ ಯುಪಿಐ ಬಂದದ್ದು 2016ರಲ್ಲಿ. ನಡುವಿನ ಒಂಬತ್ತು ವರ್ಷ ಈ ಬಾಗಿಲಿನಲ್ಲಿ ಎಡವಿದವರಿಗೆಲ್ಲ 'ನಿಮಗೆ ಗಮನವಿಲ್ಲ' ಎಂಬ ಹಣೆಪಟ್ಟಿ ಅಂಟಿತಲ್ಲ, ಅದನ್ನು ಯಾರೂ ಹಿಂತೆಗೆದುಕೊಂಡಿಲ್ಲ.

ವಯಸ್ಸಾದವರ ಮಾತು ಬೇರೆ, ಈಗಿನ ಮಕ್ಕಳಿಗೆ ಇದೆಲ್ಲ ನೀರು ಕುಡಿದ ಹಾಗೆ ಎಂಬ ವಾದವೂ ಉಂಟು. ನಾವು ಒಪ್ಪುವುದಿಲ್ಲ. ಲೋಕಲ್ ಗಾಡಿಯ ಮೋಟರ್‌ಮನ್ ಎಷ್ಟು ತರಬೇತಿ ಪಡೆದವರು! ಆದರೂ ಅವರ ಕೈಯಲ್ಲಿರುವ ಹಿಡಿಕೆಗೆ 'ಡೆಡ್‌ಮ್ಯಾನ್' ಎಂಬ ಏರ್ಪಾಡು ಇದೆ. ಕೈ ಸಡಿಲಾದರೆ ಬ್ರೇಕು ತಾನಾಗಿ ಬೀಳುತ್ತದೆ. ಎಂಜಿನ್ ಚಾಲಕರೂ ಸಹಾಯಕರೂ ಸಿಗ್ನಲಿನ ಬಣ್ಣವನ್ನು ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳಬೇಕೆಂಬ ನಿಯಮವೂ ರೈಲ್ವೆಯಲ್ಲಿದೆ. ಸಾವಿರಾರು ಜೀವಗಳ ಹೊಣೆ ಹೊತ್ತವರ ಗಮನವೂ ಒಂದಲ್ಲ ಒಂದು ಗಳಿಗೆ ಜಾರುತ್ತದೆಂದು ಮುಂಚೆಯೇ ಒಪ್ಪಿಕೊಂಡು ಮಾಡಿದ ಕಟ್ಟುಪಾಡು ಇದು. ಅದನ್ನು ಒಪ್ಪಿಕೊಂಡದ್ದರಿಂದ ಯಾರ ಮರ್ಯಾದೆಯೂ ಹೋಗಲಿಲ್ಲ.

ಕನ್ನಡದಲ್ಲಿ ಇಂಥ ವಿವೇಕ ಇಲ್ಲವೆಂದಲ್ಲ. ಕನ್ನಡದ ಕೀಲಿಮಣೆಯನ್ನೇ ನೋಡಿ. ಒತ್ತಕ್ಷರ, ಗುಣಿತಾಕ್ಷರಗಳ ನೂರಾರು ಆಕಾರಗಳು. ಹಳೆಯ ಟೈಪ್‌ರೈಟರಿನಲ್ಲಿ ಬೆರಳು ಆ ಆಕಾರಗಳ ತುಣುಕುಗಳನ್ನು ಹುಡುಕಬೇಕಿತ್ತು. ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ, ಇದೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ಕೆಲಸ ಮಾಡಿದ ಕೆ.ಪಿ. ರಾಯರು ಆಕಾರವನ್ನು ಬಿಟ್ಟು ಉಚ್ಚಾರವನ್ನು ಹಿಡಿದರು. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳೇ ಸಾಕು. 'ಕೆ' ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರಕ್ಕೆ ನಡುವೆ ಒಂದು ಕೊಂಡಿ. ಬಾಯಲ್ಲಿ ಬಂದದ್ದು ಬೆರಳಿಗೆ ಬರುತ್ತದೆ, ಮನಸ್ಸು ಬರೆಯುವ ವಿಷಯದಲ್ಲೇ ಉಳಿಯುತ್ತದೆ. ಈ ಲೇಖನವನ್ನು ನಾವು ಬೆರಳಚ್ಚಿಸಿರುವುದು ಆ ಮಣೆಯಲ್ಲೇ. ಬರೆಯುತ್ತ ಬರೆಯುತ್ತ ಒಮ್ಮೆಯೂ ಅದರ ನೆನಪಾಗಲಿಲ್ಲ. ಒಂದು ಉಪಕರಣಕ್ಕೆ ಇದಕ್ಕಿಂತ ದೊಡ್ಡ ಪ್ರಶಂಸೆ ಇನ್ನೇನು ಬೇಕು?

ಪರರನ್ನು ಇಷ್ಟು ಹೇಳಿದ ಮೇಲೆ ನಮ್ಮದನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಕಚೇರಿಯಲ್ಲಿ ಕಾಗದದ ಅರ್ಜಿಯೊಂದನ್ನು ಕಂಪ್ಯೂಟರಿಗೆ ಏರಿಸುವಾಗ, ಯಾವ ಯಾವ ಕಾಲಂ ಇರಬೇಕೆಂದು ನಮ್ಮ ವಿಭಾಗವನ್ನೂ ಕೇಳಿದರು. ಕಾಲಂ ಬಿಟ್ಟುಹೋಗಿ ನಾಳೆ ಆಡಿಟ್ಟಿನವರು ಕೇಳಿದರೆ ಎಂಬ ಭಯದಲ್ಲಿ ನಾವು ಸೇರಿಸಿದ್ದೇ ಸೇರಿಸಿದ್ದು. ತಂದೆಯ ಹೆಸರು ಎರಡು ಕಡೆ, ವಿಳಾಸ ಮೂರು ಕಡೆ. ಒಟ್ಟು ಮೂವತ್ತೊಂದು ಕಾಲಂ ಆಯಿತು. ಅದನ್ನು ತುಂಬುವವರು ಹೆಚ್ಚಾಗಿ ನಿವೃತ್ತರು, ವಿಧವೆಯರು. ತಪ್ಪು ತುಂಬಿದ ಅರ್ಜಿ ಬಂದಾಗಲೆಲ್ಲ 'ಗಮನವಿಟ್ಟು ಭರ್ತಿ ಮಾಡತಕ್ಕದ್ದು' ಎಂಬ ಷರಾ ಬರೆದು ಹಿಂದೆ ಕಳಿಸಿದವರಲ್ಲಿ ನಾವೂ ಒಬ್ಬರು. ಆ ಷರಾದ ರಬ್ಬರ್ ಸ್ಟಾಂಪನ್ನೇ ಮಾಡಿಸಿಟ್ಟಿದ್ದೆವು.

ಎರಡನೆಯ ಮಹಡಿಯ ಆ ಹಿರಿಯರು ಈಗ ಫೋನಿನಲ್ಲಿ ಹಣದ ವ್ಯವಹಾರ ಮಾಡುವುದಿಲ್ಲ. ತರಕಾರಿಗೆ ನೋಟು ಕೊಡುತ್ತಾರೆ, ಚಿಲ್ಲರೆಯನ್ನು ಎಣಿಸದೆ ತೂಗಿ ನೋಡಿಯೇ ಸರಿಯೋ ತಪ್ಪೋ ಹೇಳುತ್ತಾರೆ. ವಿದ್ಯುತ್ ಬಿಲ್ಲಿಗೆ ಮಾತ್ರ ಮಗನ ಮುಂದೆ ಕೈಯೊಡ್ಡಬೇಕು, ಅದು ಅವರಿಗೆ ಹಿಡಿಸುವುದಿಲ್ಲ. ಅವರ ಮನೆಯಿಂದ ಇಳಿದು ಬಂದ ದಿನದ ಮರುದಿನ ನಾವು ಕಚೇರಿಯಲ್ಲಿ ಆ ಮೂವತ್ತೊಂದು ಕಾಲಮುಗಳ ಪಟ್ಟಿಯನ್ನು ತೆಗೆದು, ಹನ್ನೊಂದರ ಮೇಲೆ ಕೆಂಪು ಪೆನ್ಸಿಲಿನ ಗೆರೆ ಎಳೆದು, ಟಿಪ್ಪಣಿ ಬರೆದು ಮೇಲಿನವರಿಗೆ ಕಳಿಸಿದೆವು. ಎರಡು ಸಲ ಜ್ಞಾಪನಪತ್ರವನ್ನೂ ಕಳಿಸಿಯಾಯಿತು. ಫೈಲು ಇನ್ನೂ ಬಂದಿಲ್ಲ.